ಕೊನೆಯ ಕಂತಿನ ಆಚೆಗೆ

ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯನ್ನು ಇಂದು ಪುಸ್ತಕವಾಗಿ ಓದುವವರಿಗೆ ಅದು ವಾರವಾರ ಬಂದ ಧಾರಾವಾಹಿ ಎಂಬುದು ನೆನಪಿಗೇ ಬರುವುದಿಲ್ಲ. ಪಿ. ಲಂಕೇಶ್ 1980ರಲ್ಲಿ ಆರಂಭಿಸಿದ ‘ಲಂಕೇಶ್ ಪತ್ರಿಕೆ’ ಅದನ್ನು ಕಂತುಗಳಲ್ಲಿ ಪ್ರಕಟಿಸಿತು. ಜಾಹೀರಾತು ಬೇಡವೆಂದು ಓದುಗರ ಕಾಸಿನಲ್ಲೇ ನಡೆದ ಕಪ್ಪುಬಿಳುಪಿನ ವಾರಪತ್ರಿಕೆ ಅದು. ರಾಜಕಾರಣಿಗಳ ಹಗರಣ ಓದಲೆಂದು ಕೊಂಡವರ ಕೈಗೆ ಕಾಸರಗೋಡು ಕಡೆಯ ಮುಸ್ಲಿಂ ಹೆಣ್ಣುಮಗಳು ನಾದಿರಾಳ ಕತೆಯೂ ಬಂದು ಸೇರಿತು. ಕಾದಂಬರಿ ಹುಡುಕಿಕೊಂಡು ಎಂದೂ ಅಂಗಡಿಗೆ ಹೋಗದವರೂ ಅದನ್ನು ಓದಿದರು. ಕನ್ನಡ ವಾರಪತ್ರಿಕೆಗಳ ದೊಡ್ಡ ಸಾಧನೆ ಇದೇ ಎಂದು ನಾನು ನಂಬಿದ್ದೇನೆ.

ಕಂತಿನ ರೂಪ ಈ ಕತೆಗೆ ಹೇಳಿ ಮಾಡಿಸಿದಂತಿದೆ. ತಂದೆ ಮಹಮ್ಮದ್ ಖಾನ್‌ನ ಹಟ, ಗಂಡ ರಶೀದನ ಅಸಹಾಯಕತೆ, ಮೋಸದಿಂದ ಪಡೆದ ತಲಾಖ್, ಮತ್ತೆ ಅದೇ ಗಂಡನನ್ನು ಸೇರಬೇಕಾದರೆ ಇನ್ನೊಬ್ಬನೊಡನೆ ಒಂದು ರಾತ್ರಿಯ ನಿಕಾಹ್, ಕೊನೆಗೆ ಮಸೀದಿಯ ಕೊಳ. ಪ್ರತಿ ತಿರುವಿನಲ್ಲೂ ನಾದಿರಾಳ ಬಾಳನ್ನು ಬೇರೊಬ್ಬರು ತೀರ್ಮಾನಿಸುತ್ತಾರೆ, ಅವಳು ಕಾಯುತ್ತಾಳೆ. ಓದುಗರೂ ಮುಂದಿನ ಸಂಚಿಕೆಗೆ ಕಾದರು. ಒಂದೇ ಬೈಠಕ್ಕಿನಲ್ಲಿ ಪುಸ್ತಕ ಮುಗಿಸುವವರಿಗೆ ಆ ಕಾಯುವಿಕೆಯ ಸಂಕಟ ದಕ್ಕುವುದಿಲ್ಲ. ಕೆಲವೆಡೆ ಲೇಖಕಿಯ ವಾದ ತೀರಾ ನೇರವಾಗಿ ಕೇಳಿಸುವುದು ನಿಜ. ಆದರೂ ಕತೆಯ ಓಟ ಎಲ್ಲೂ ಸಡಿಲುವುದಿಲ್ಲ.

ಕೊನೆಯ ಕಂತು ಅಚ್ಚಾದ ಮೇಲೆ ಕೃತಿಯ ಗತಿಯೇನು? ಇಲ್ಲಿ ಜಪಾನಿನ ಮಂಗಾ ಎಂಬ ಚಿತ್ರಕತೆಗಳ ಪದ್ಧತಿಯನ್ನು ನೋಡಬೇಕು. 1968ರಲ್ಲಿ ಶುರುವಾದ ‘ಶೋನೆನ್ ಜಂಪ್’ ಅಗ್ಗದ ಕಾಗದದ ದಪ್ಪ ಪತ್ರಿಕೆ, ಓದಿ ಎಸೆಯುವಂಥದ್ದು. ಯಾವ ಕತೆ ಹಿಡಿಸಿತೆಂದು ಓದುಗರು ಕಾರ್ಡು ಬರೆಯುತ್ತಾರೆ. ಹಿಡಿಸದ ಕತೆ ಬೇಗ ನಿಲ್ಲುತ್ತದೆ. ಕಂತುಗಳು ಸೇರಿ ಸುಮಾರು 200 ಪುಟವಾದಾಗ ‘ತಂಕೋಬೊನ್’ ಎಂಬ ಕೈಯಳತೆಯ ಸಂಪುಟ ಹೊರಬರುತ್ತದೆ, ಕಲಾವಿದರಿಗೆ ರಾಯಧನ ಹುಟ್ಟುವುದು ಅದರಿಂದ. ಸಾಮಾನ್ಯವಾಗಿ ಹಕ್ಕು ಕಲಾವಿದರಲ್ಲೇ ಉಳಿಯುತ್ತದೆ. ಹೊರದೇಶಕ್ಕೆ ಪರವಾನಗಿ ಮಾರುವ ಓಡಾಟ ಪ್ರಕಾಶಕರದು. ಅಮೆರಿಕದ ವಿಜ್ ಮೀಡಿಯಾ ತರುವ ಇಂಗ್ಲಿಷ್ ಸಂಪುಟಗಳಲ್ಲಿ ಮೂಲ ಹಕ್ಕುದಾರರ ಹೆಸರು ಅಚ್ಚಾಗಿಯೇ ಇರುತ್ತದೆ. ವಾರಕ್ಕೆ ಸುಮಾರು 20 ಪುಟ ಬರೆದು ಆರೋಗ್ಯ ಕಳೆದುಕೊಳ್ಳುವ ಆ ದುಡಿತ ನಮಗೆ ಬೇಡ. ಹಕ್ಕಿನ ಆ ಶಿಸ್ತು ಮಾತ್ರ ಬೇಕು.

ಸಾರಾ ಅವರಿಗೆ ಅಂಥ ಆಸರೆ ಇರಲಿಲ್ಲ. 1994ರಲ್ಲಿ ತಮ್ಮದೇ ಚಂದ್ರಗಿರಿ ಪ್ರಕಾಶನ ಕಟ್ಟಿ ತಮ್ಮ ಪುಸ್ತಕಗಳ ಹೊಣೆ ತಾವೇ ಹೊತ್ತರು. ವನಮಾಲಾ ವಿಶ್ವನಾಥ ಅವರ ಅನುವಾದದಿಂದ ಕಾದಂಬರಿ ಇಂಗ್ಲಿಷಿಗೂ ಹೋಯಿತು. ಆಮೇಲೆ ‘ಬ್ಯಾರಿ’ ಚಿತ್ರ 2011ರ ಸಾಲಿನ ಅತ್ಯುತ್ತಮ ಕಥಾಚಿತ್ರ ರಾಷ್ಟ್ರಪ್ರಶಸ್ತಿಯನ್ನು ಮರಾಠಿಯ ‘ದೇವೂಳ್’ ಜೊತೆ ಹಂಚಿಕೊಂಡಿತು. ಅನುಮತಿಯಿಲ್ಲದೆ ತಮ್ಮ ಕಾದಂಬರಿಯನ್ನು ಆ ಚಿತ್ರಕ್ಕೆ ಬಳಸಿದ್ದಾರೆಂದು ಸಾರಾ ಕೋರ್ಟಿಗೆ ಹೋದರು. ಮಂಗಳೂರಿನ ನ್ಯಾಯಾಲಯ ಅವರ ಮಾತನ್ನು ಒಪ್ಪಿತು. ಎಪ್ಪತ್ತು ದಾಟಿದ ಲೇಖಕಿ ತನ್ನ ಕತೆ ತನ್ನದೇ ಎಂದು ಕಟಕಟೆಯಲ್ಲಿ ಸಾಬೀತು ಮಾಡಬೇಕಾಗಿ ಬಂದದ್ದು ನಮ್ಮ ಪುಸ್ತಕಲೋಕಕ್ಕೆ ನಾಚಿಕೆಯ ಸಂಗತಿ.

ಅದೇ ‘ಲಂಕೇಶ್ ಪತ್ರಿಕೆ’ಗೆ ವರದಿ ಮಾಡುತ್ತಿದ್ದ ಬಾನು ಮುಷ್ತಾಕ್ ಅವರ ಕತೆಗಳು ದೀಪಾ ಭಾಸ್ತಿ ಅವರ ಅನುವಾದದಲ್ಲಿ 2025ರ ಅಂತರರಾಷ್ಟ್ರೀಯ ಬೂಕರ್ ಗೆದ್ದಿವೆ. ಹೊರಗಿನ ಪ್ರಕಾಶಕರು ಕನ್ನಡದತ್ತ ಕಣ್ಣು ಹಾಯಿಸುವ ಕಾಲ ಇದು. ಧಾರಾವಾಹಿ ಪ್ರಕಟಿಸುವ ಸಂಪಾದಕರಲ್ಲಿ ನನ್ನ ಕೋರಿಕೆ ಇಷ್ಟೇ: ಮೊದಲ ಕಂತು ಅಚ್ಚಿಗೆ ಹೋಗುವ ಮುನ್ನ ಪುಸ್ತಕ, ಅನುವಾದ, ಸಿನಿಮಾ ಹಕ್ಕುಗಳು ಯಾರವೆಂದು ಒಂದು ಪುಟದ ಕರಾರು ಬರೆಯಿರಿ, ಅದರ ಒಂದು ಪ್ರತಿಯನ್ನು ಲೇಖಕರಿಗೆ ಕೊಡಿ.