ಗಣಕ ಏಳುವಾಗ ಯಾರು ಮೊದಲು?

ಗುಂಡಿ ಒತ್ತಿದ ಕ್ಷಣದಿಂದ ಗುಪ್ತಪದ ಕೇಳುವ ಪರದೆ ಮೂಡುವವರೆಗೆ ಗಣಕದೊಳಗೆ ನಡೆಯುವುದನ್ನು ಬಹಳಷ್ಟು ಪುಸ್ತಕಗಳು 'ಬೂಟ್ ಆಗುತ್ತದೆ' ಎಂದು ಎರಡೇ ಪದಗಳಲ್ಲಿ ಮುಗಿಸಿಬಿಡುತ್ತವೆ. ಯುನಿಕ್ಸ್ ಮಾದರಿಯ ಗಣಕಗಳಲ್ಲಿ ಕುತೂಹಲದ ಭಾಗ ಇರುವುದು ಇಲ್ಲೇ. ಕರ್ನೆಲ್ ಯಂತ್ರಾಂಶವನ್ನು ಗುರುತಿಸಿಕೊಂಡ ಬಳಿಕ ಒಂದೇ ಒಂದು ಪ್ರೋಗ್ರಾಮನ್ನು ಆರಂಭಿಸುತ್ತದೆ. ಅದರ ಸಾಂಪ್ರದಾಯಿಕ ಹೆಸರು ಇನಿಟ್, ಅದರ ಸಂಖ್ಯೆ 1. ಜಾಲಸಂಪರ್ಕ, ದತ್ತಸಂಚಯ, ಪ್ರಿಂಟರಿನ ಸರದಿ ಮುಂತಾಗಿ ಹಿನ್ನೆಲೆಯಲ್ಲಿ ದುಡಿಯುವ ಸೇವೆಗಳನ್ನೆಲ್ಲ ಎಬ್ಬಿಸುವ ಹೊಣೆ ಅದರದು. ಯಾವುದನ್ನು ಎಬ್ಬಿಸಬೇಕು, ಯಾವುದನ್ನು ಮೊದಲು ಎಂದು ಅದಕ್ಕೆ ತಿಳಿಸುವ ಬಗೆ ಬದಲಾಗುತ್ತ ಬಂದಿದೆ. ಆ ಬದಲಾವಣೆ ಒಳ್ಳೆಯದಾಯಿತೆ ಎಂಬುದು ಇಲ್ಲಿನ ಪ್ರಶ್ನೆ.

ಇದು ಕಂಪನಿಗಳ ತಲೆನೋವು, ಶಿಕ್ಷಕರಿಗೇಕೆ ಎನ್ನಬಹುದು. ಕೇರಳದ ಸರ್ಕಾರಿ ಶಾಲೆಗಳು ಬಳಸುವ ಲಿನಕ್ಸ್ ಉಬುಂಟುವನ್ನು ಆಧರಿಸಿದ್ದು; ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಲಿಯುವುದೂ ಅದರಲ್ಲೇ. ನಮ್ಮ ರಾಜ್ಯದ ಪ್ರೌಢಶಾಲಾ ಶಿಕ್ಷಕರ ತರಬೇತಿಗಳಲ್ಲೂ ಉಬುಂಟು ಬಳಕೆಯಾಗಿದೆ. ಹಲಸೂರಿಗೂ ಇಂದಿರಾನಗರಕ್ಕೂ ನಡುವೆ ಇರುವ ಬೆಂಗಳೂರಿನ ಜೋಗುಪಾಳ್ಯದಲ್ಲಿ ಒಂದು ಚಿಕ್ಕ ಶಾಲೆಯ ಲ್ಯಾಬನ್ನು ಊಹಿಸಿಕೊಳ್ಳಿ. ಹತ್ತು ಗಣಕಗಳು, ಮೂಲೆಯಲ್ಲೊಂದು ಹಳೆಯ ಸರ್ವರ್. ಅದರಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಬರೆದುಕೊಟ್ಟ ರಸಪ್ರಶ್ನೆಯ ತಂತ್ರಾಂಶ. ಅದು ಎದ್ದ ಕೂಡಲೇ ಮರಿಯಾಡಿಬಿ ದತ್ತಸಂಚಯವನ್ನು ಹುಡುಕುತ್ತದೆ. ಸಿಗದಿದ್ದರೆ ಅಲ್ಲೇ ನಿಂತುಬಿಡುತ್ತದೆ. ಯುಪಿಎಸ್ ಬ್ಯಾಟರಿ ಸತ್ತು ವರ್ಷವಾಗಿದೆ. ಮಳೆಗೆ ಕರೆಂಟು ಹೋಗಿ ಬರುತ್ತದೆ. ಸರ್ವರ್ ಏಳುತ್ತದೆ, ರಸಪ್ರಶ್ನೆ ಏಳುವುದಿಲ್ಲ. ಬರೆದುಕೊಟ್ಟ ಹುಡುಗ ಬರುವುದು ಮುಂದಿನ ವಾರ. ಆ ಒಂದು ವಾರವನ್ನು ಯಾವ ಪದ್ಧತಿ ಉಳಿಸಿಕೊಡುತ್ತದೆ?

ಸಿಸ್ಟಮ್ 5 ಯುನಿಕ್ಸ್‌ನಿಂದ ಬಂದ ಹಳೆಯ ಪದ್ಧತಿಯಲ್ಲಿ ಪ್ರತಿ ಸೇವೆಗೂ ಒಂದು ಶೆಲ್ ಸ್ಕ್ರಿಪ್ಟ್, ಅದಕ್ಕೊಂದು ಕ್ರಮಸಂಖ್ಯೆ. ರೆಡ್ ಹ್ಯಾಟ್ ಲಿನಕ್ಸ್‌ನಲ್ಲಿ ಜಾಲಸಂಪರ್ಕಕ್ಕೆ 10, ಲಾಗ್ ಬರೆಯುವ ಸೇವೆಗೆ 12, ಮರಿಯಾಡಿಬಿಯ ಮೂಲವಾದ ಮೈಎಸ್‌ಕ್ಯುಎಲ್‌ಗೆ 64, ಅಪಾಚೆ ವೆಬ್ ಸರ್ವರಿಗೆ 85 ಇದ್ದವು. ನಿಲ್ಲಿಸುವಾಗಿನ ಸಂಖ್ಯೆಗಳು ಕ್ರಮವಾಗಿ 90, 88, 36, 15. ಕೂಡಿಸಿ ನೋಡಿ, ಪ್ರತಿ ಜೋಡಿಯೂ 100. ಕೊನೆಗೆ ಎದ್ದದ್ದು ಮೊದಲು ಮಲಗಬೇಕು ಎಂಬ ನಿಯಮ ಹೀಗೆ ಅಂಕಗಣಿತದಲ್ಲೇ ಅಡಗಿದೆ. ತರಗತಿಗೆ ಇಷ್ಟು ಸುಲಭದ ಉದಾಹರಣೆ ಬೇರೆ ಸಿಗದು. ಹಳಬರು ಈ ಪದ್ಧತಿಯನ್ನು ಹೊಗಳುವುದೂ ಅದಕ್ಕೇ.

ಆದರೆ 64 ಏಕೆ 85ಕ್ಕಿಂತ ಮೊದಲು ಎಂಬುದು ಆ ಸಂಖ್ಯೆಗಳಲ್ಲಿ ಇಲ್ಲ. ಹಾಜರಿ ಪುಸ್ತಕದ ಕ್ರಮಸಂಖ್ಯೆ ನೋಡಿ ಯಾರು ಯಾರ ತಮ್ಮ ಎಂದು ಹೇಳಲಾದೀತೆ? 64 ಅನ್ನು 90 ಮಾಡಿದರೂ ಯಾರೂ ತಡೆಯುವುದಿಲ್ಲ. ಗೊಂದಲ ಬೇಡವೆಂದು ಬಹುಮಂದಿ ತಮ್ಮ ತಂತ್ರಾಂಶವನ್ನು ಎಲ್ಲಕ್ಕೂ ಕೊನೆಗೆ ಓಡುವ ಆರ್‌ಸಿ ಲೋಕಲ್ ಕಡತದಲ್ಲಿ ತುರುಕುತ್ತಿದ್ದರು. ಕೆಲಸ ನಡೆಯುತ್ತಿತ್ತು, ಕಾರಣ ಮಾತ್ರ ಬರೆದವನ ತಲೆಯಲ್ಲೇ ಉಳಿಯುತ್ತಿತ್ತು.

ಇದನ್ನು ಮೊದಲು ಸೊಗಸಾಗಿ ಸರಿಪಡಿಸಿದ್ದು, ನನ್ನ ಮಟ್ಟಿಗೆ, ನೆಟ್‌ಬಿಎಸ್‌ಡಿ. 2000ದಲ್ಲಿ ಬಂದ ಅದರ 1.5ನೇ ಆವೃತ್ತಿಯಲ್ಲಿ ಪ್ರತಿ ಸ್ಕ್ರಿಪ್ಟಿನ ತಲೆಯ ಮೇಲೆ 'ನಾನು ಕೊಡುವುದು ಇದು, ನನಗೆ ಬೇಕಾದ್ದು ಇದು' ಎಂದು ಬರೆದಿರುತ್ತದೆ. ಅವನ್ನೆಲ್ಲ ಓದಿ ಆರ್‌ಸಿಆರ್ಡರ್ ಎಂಬ ಪುಟ್ಟ ತಂತ್ರಾಂಶ ಕ್ರಮವನ್ನು ತಾನೇ ಲೆಕ್ಕ ಹಾಕುತ್ತದೆ. 2003ರಲ್ಲಿ ಫ್ರೀಬಿಎಸ್‌ಡಿ 5.0 ಇದನ್ನೇ ಅಳವಡಿಸಿಕೊಂಡಿತು. ಸ್ಕ್ರಿಪ್ಟು ಸ್ಕ್ರಿಪ್ಟಾಗಿಯೇ ಉಳಿಯಿತು, ಕಾರಣವೂ ಬರಹಕ್ಕೆ ಬಂತು. ಗ್ರಾಫ್ ಸಿದ್ಧಾಂತ ಕಲಿಸುವ ಗಣಿತ ಶಿಕ್ಷಕರು ಇದನ್ನೊಮ್ಮೆ ನೋಡಬೇಕು.

ಲಿನಕ್ಸ್ ಬೇರೆ ದಾರಿ ಹಿಡಿಯಿತು. 2010ರಲ್ಲಿ ಲೆನಾರ್ಟ್ ಪಾಟ್ರಿಂಗ್ ಪ್ರಕಟಿಸಿದ ಸಿಸ್ಟಮ್‌ಡಿ 2011ರಲ್ಲಿ ಫೆಡೋರಾಗೂ 2015ರಲ್ಲಿ ಡೆಬಿಯನ್, ಉಬುಂಟುಗಳಿಗೂ ಬಂತು. ದೊಡ್ಡ ಜಗಳವಾಯಿತು; ಒಪ್ಪದವರು ದೇವುವಾನ್ ಎಂಬ ಕವಲನ್ನೇ ಕಟ್ಟಿದರು. ಒಂದೇ ತಂತ್ರಾಂಶ ಇಷ್ಟೊಂದು ಕೆಲಸಗಳನ್ನು ಮೈಮೇಲೆ ಹಾಕಿಕೊಳ್ಳಬೇಕೆ ಎಂಬ ಅವರ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಹಾಗಿದ್ದೂ ಸಿಸ್ಟಮ್‌ಡಿಯ ಒಂದು ವಿಚಾರ ಆ ಗದ್ದಲದಲ್ಲಿ ಮರೆಯಾಯಿತು. 'ನನಗೆ ಯಾರು ಬೇಕು' ಮತ್ತು 'ನಾನು ಯಾರ ನಂತರ' ಎಂಬ ಎರಡು ಪ್ರಶ್ನೆಗಳನ್ನು ಅದು ಬೇರ್ಪಡಿಸಿತು. ಮೊದಲನೆಯದಕ್ಕೆ ರಿಕ್ವೈರ್ಸ್ ಎಂಬ ಸಾಲು, ಎರಡನೆಯದಕ್ಕೆ ಆಫ್ಟರ್. ನಮ್ಮ ಲ್ಯಾಬಿನಲ್ಲಿ ಆಫ್ಟರ್ ಒಂದನ್ನೇ ಬರೆದರೆ ದತ್ತಸಂಚಯ ಏಳದೇ ಹೋದರೂ ರಸಪ್ರಶ್ನೆ ಏಳಲು ಹೊರಡುತ್ತದೆ. ರಿಕ್ವೈರ್ಸ್ ಒಂದನ್ನೇ ಬರೆದರೆ ಎರಡೂ ಒಟ್ಟಿಗೇ ಹೊರಡುತ್ತವೆ. ಎರಡೂ ಬೇಕು.

ಮೂರನೆಯದೂ ಒಂದಿದೆ. ಶುರುವಾಗುವುದು ಬೇರೆ, ಸಿದ್ಧವಾಗುವುದು ಬೇರೆ. ದಿಢೀರನೆ ಕರೆಂಟು ಹೋದ ಮೇಲೆ ದತ್ತಸಂಚಯ ಮೊದಲು ತನ್ನ ಕಡತಗಳನ್ನು ಸರಿಪಡಿಸಿಕೊಳ್ಳಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. 'ಸಿಂಪಲ್' ಬಗೆಯ ಸೇವೆಯನ್ನು ಸಿಸ್ಟಮ್‌ಡಿ ಹೊರಡಿಸಿದ ಕೂಡಲೇ ಎದ್ದಿತೆಂದು ಬಗೆಯುತ್ತದೆ. 'ನೋಟಿಫೈ' ಬಗೆಯದಾದರೆ ಸೇವೆಯೇ 'ಸಿದ್ಧ' ಎಂದು ವರದಿ ಕೊಡುವವರೆಗೆ ಕಾಯುತ್ತದೆ. ಮರಿಯಾಡಿಬಿ ಹಾಗೆ ವರದಿ ಕೊಡುವ ಸೇವೆ. ಹೀಗಾಗಿ ಆ ಎರಡು ಸಾಲುಗಳು ಇಲ್ಲಿ ನಿಜವಾಗಿಯೂ ಕೆಲಸ ಮಾಡುತ್ತವೆ.

ಕಲಿಸುವ ರೀತಿಯ ಬಗ್ಗೆ ನನ್ನ ತಕರಾರು ಇದೆ. ಕೈಪಿಡಿಗಳು ಸಿಸ್ಟಮ್‌ಸಿಟಿಎಲ್ ಆದೇಶಗಳನ್ನು ಮಗ್ಗಿಯಂತೆ ಒಪ್ಪಿಸುತ್ತವೆ. 'ಸ್ಟಾರ್ಟ್' ಎಂದರೆ ಈಗ ಮಾತ್ರ, 'ಎನೇಬಲ್' ಎಂದರೆ ಮುಂದಿನ ಬೂಟಿನಿಂದ ಎಂಬ ಭೇದವನ್ನೂ ಒತ್ತಿ ಹೇಳುವುದಿಲ್ಲ. ಆರ್‌ಸಿ ಲೋಕಲ್‌ನ ಹಳೆಯ ಉಪಾಯವನ್ನು ಈಗಲೂ ಸೂಚಿಸುವವರಿದ್ದಾರೆ. ಅದು ಕೊನೆಗೇ ಓಡುತ್ತದೆ ಎಂಬ ಭರವಸೆ ಸಿಸ್ಟಮ್‌ಡಿಯಲ್ಲಿ ಇಲ್ಲ.

ಸಿಸ್ಟಮ್‌ಡಿಯ ಮೇಲೂ ಒಂದು ದೂರು. 'ಸ್ಟೇಟಸ್' ಕೇಳಿದರೆ ಸೇವೆ ಯಾವಾಗ ಬಿತ್ತು, ಬೀಳುವ ಮುನ್ನ ಏನು ಹೇಳಿತು ಎಂದು ಅದು ತೋರಿಸುತ್ತದೆ. ಆ ಒಂದು ವಾರವನ್ನು ಉಳಿಸುವ ಸೌಲಭ್ಯ ಇದು. ಆದರೆ ಈ ದಾಖಲೆ ಸಾಮಾನ್ಯ ಪಠ್ಯ ಕಡತವಲ್ಲ, ಮತ್ತು ಲಾಗ್ ಡೈರೆಕ್ಟರಿಯೊಳಗೆ ಜರ್ನಲ್ ಎಂಬ ಡೈರೆಕ್ಟರಿ ಇಲ್ಲದ ಕಡೆ ಅದು ಸಾಮಾನ್ಯವಾಗಿ ಸ್ಮೃತಿಯಲ್ಲಷ್ಟೇ ಉಳಿದು ಕರೆಂಟಿನೊಂದಿಗೇ ಹೋಗುತ್ತದೆ. ಲ್ಯಾಬಿನ ಸರ್ವರಿನಲ್ಲಿ ಆ ಡೈರೆಕ್ಟರಿ ಇದೆಯೇ ಎಂದು ಮಳೆಗಾಲಕ್ಕೆ ಮುನ್ನ ನೋಡಿಕೊಳ್ಳುವುದು ಒಳ್ಳೆಯದು. ಇಲ್ಲದಿದ್ದರೆ ರಚಿಸಿ ಗಣಕವನ್ನು ಒಮ್ಮೆ ಮರುಚಾಲನೆ ಮಾಡಿದರೆ ಸಾಕು.