ವೈಶಾಲಿ ಕಾಸರವಳ್ಳಿಯವರ ಕಿವಿ

ಧಾರಾವಾಹಿಗಳನ್ನು ಸಂಗೀತ ಕಚೇರಿಯಂತೆ ಕಿವಿಗೊಟ್ಟು ಆಲಿಸುವ ರಸಿಕರಿಗೆ, ಕಲಬುರಗಿಯಲ್ಲಿ ಹುಟ್ಟಿ, ಬಿ. ವಿ. ಕಾರಂತ, ಪ್ರಸನ್ನ, ಚಂದ್ರಶೇಖರ ಕಂಬಾರರಂಥವರ ನಿರ್ದೇಶನದಲ್ಲಿ ರಂಗವನ್ನೇರಿ, ‘ಆಕ್ರಮಣ’ವೇ ಮೊದಲಾದ ಚಿತ್ರಗಳಲ್ಲಿ ಅಭಿನಯಿಸಿ, ಕಡೆಗೆ ಕಿರುತೆರೆಯ ನಿರ್ದೇಶಕಿಯಾಗಿ ಮನೆಮನೆಗೆ ಪರಿಚಿತರಾದ ವೈಶಾಲಿ ಕಾಸರವಳ್ಳಿಯವರ ಹೆಸರು ಚಿರಸ್ಮರಣೀಯವಾದುದು. ಅಭಿನಯದಷ್ಟೇ ಗೌರವಕ್ಕೆ ಪಾತ್ರವಾದದ್ದು, ನುಡಿಯ ಏರಿಳಿತವನ್ನು ಹಿಡಿಯಬಲ್ಲ ಅವರ ಶ್ರವಣಶಕ್ತಿ.

ರಾಯಚೂರು ಜಿಲ್ಲೆಯ ಮಸ್ಕಿಯ ಓದುಗರಿಗೆ ಇದು ವಿಶೇಷವಾಗಿ ಸಲ್ಲುವ ಮಾತು. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ, ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ದೂರದರ್ಶನದ ಪ್ರಯೋಗ ನಡೆದಾಗ, ಕರ್ನಾಟಕದಿಂದ ಆಯ್ಕೆಯಾದವು ರಾಯಚೂರು, ಕಲಬುರಗಿ, ವಿಜಾಪುರ ಜಿಲ್ಲೆಗಳ ಹಳ್ಳಿಗಳು. ಬೆಂಗಳೂರಿನ ಕೇಂದ್ರವು ಆರಂಭವಾದದ್ದು 1981ರಲ್ಲಿ. ರಾಜಧಾನಿಗಿಂತ ಮೊದಲೇ ಪರದೆಯನ್ನು ಕಂಡ ಈ ಸೀಮೆಯ ನುಡಿಯಾದರೋ, ಸಿನಿಮಾದಲ್ಲೂ ಧಾರಾವಾಹಿಯಲ್ಲೂ ಬಹುಕಾಲ ಆಳುಕಾಳುಗಳ, ವಿದೂಷಕರ ಬಾಯಿಗೆ ಮೀಸಲಾಗಿ, ನಗೆಯ ಸಾಮಗ್ರಿಯಾಗಿ ಉಳಿಯಿತು.

ಈಟಿವಿ ಕನ್ನಡದಲ್ಲಿ ವೈಶಾಲಿಯವರು ನಿರ್ದೇಶಿಸಿದ ‘ಮೂಡಲ ಮನೆ’, ಬೇಂದ್ರೆಯವರ ಕವಿತೆಯಿಂದ ಹೆಸರು ಪಡೆದ ಆ ಧಾರಾವಾಹಿ, ಈ ಅನ್ಯಾಯಕ್ಕೆ ತಕ್ಕ ಉತ್ತರವಾಗಿತ್ತು. ಉತ್ತರ ಕರ್ನಾಟಕದ ತುಂಬು ಮನೆತನವೊಂದು ತನ್ನ ಅಭಿಮಾನ, ಮನಸ್ತಾಪ, ವಾತ್ಸಲ್ಯ, ದುಃಖಗಳನ್ನೆಲ್ಲ ತನ್ನದೇ ನುಡಿಯಲ್ಲಿ, ಯಾರ ಅಪ್ಪಣೆಯನ್ನೂ ಬೇಡದೆ ಆಡಿತು. ಕೋಪದ ನಡುವೆಯೂ ತಪ್ಪದ ‘ರೀ’, ಅಳುವನ್ನು ನುಂಗಿ ಹೊರಡುವ ‘ಯವ್ವಾ’ — ಇವುಗಳಿಗೆ ಗಾಂಭೀರ್ಯವುಂಟೆಂದು ಬೆಂಗಳೂರು, ಮೈಸೂರಿನ ಶ್ರೋತೃಗಳಿಗೆ ಆಗ ತಿಳಿದಿರಬೇಕು. ತೆಲುಗು, ಉರ್ದುಗಳ ಸಹವಾಸದಲ್ಲಿ ಬೇರೆಯದೇ ಲಯ ಪಡೆದ ನಮ್ಮ ರಾಯಚೂರು ಸೀಮೆಯ ಮಾತು ಅದಾಗಿರಲಿಲ್ಲ. ಧಾರವಾಡದ ಕಡೆಯ ಒನಪು ಅದರಲ್ಲಿ ಹೆಚ್ಚು. ಆದಾಗ್ಯೂ ನೆರೆಯ ಮನೆಯ ದನಿ ಕೇಳಿದಷ್ಟು ಸಲಿಗೆ ನಮಗೆ ಅದರಲ್ಲಿ ದೊರೆಯಿತು.

ಕಿವಿಯಂತೆಯೇ ಕಣ್ಣೂ ಸೂಕ್ಷ್ಮವಾಗಿತ್ತು. ಪತಿ ಗಿರೀಶ ಕಾಸರವಳ್ಳಿಯವರು ನಿರ್ದೇಶಿಸಿ, 1997ನೆಯ ಸಾಲಿನ ಸ್ವರ್ಣಕಮಲ ಪಡೆದ ‘ತಾಯಿ ಸಾಹೇಬ’ ಚಿತ್ರದ ವಸ್ತ್ರವಿನ್ಯಾಸಕ್ಕಾಗಿ ವೈಶಾಲಿಯವರಿಗೆ ರಾಷ್ಟ್ರಪ್ರಶಸ್ತಿ ಸಂದಿತು. ಪಾತ್ರದ ಸ್ಥಿತಿಗತಿಯನ್ನು ಅದು ಉಟ್ಟ ಸೀರೆಯಿಂದಲೇ ಊಹಿಸಬಲ್ಲ ಪ್ರೇಕ್ಷಕರು ಆ ಚಿತ್ರವನ್ನು ಮತ್ತೊಮ್ಮೆ, ಮಾತಿಗೆ ಕಿವಿಗೊಡದೆ, ಉಡುಗೆಗಾಗಿಯೇ ನೋಡಬೇಕು.

‘ಮುತ್ತಿನ ತೋರಣ’ವೂ ಅವರದೇ ನಿರ್ದೇಶನ. 2010ರ ಸೆಪ್ಟೆಂಬರ್ 27ರಂದು ಅವರು ಅಗಲಿದರು. ಕಲಬುರಗಿಯ ಮಗಳು ತೆರೆದ ಆ ಬಾಗಿಲಿನಿಂದ ರಾಯಚೂರಿನ ನುಡಿಯೂ ಒಳಹೊಗಬೇಕೆಂಬುದು ನನ್ನ ದೃಢವಾದ ಅಪೇಕ್ಷೆ: ಮಸ್ಕಿ, ಸಿಂಧನೂರು, ಲಿಂಗಸುಗೂರುಗಳ ಜಾತ್ರೆಯ ನಾಟಕಗಳಲ್ಲಿ ಬಣ್ಣ ಹಚ್ಚುವ ಹುಡುಗಿಯರು ಕಿರುತೆರೆಯಲ್ಲಿ ಪಾತ್ರ ಕೇಳಲು ಹೋದಾಗ, ಮೊದಲು ನಿಮ್ಮ ಮಾತನ್ನು ತಿದ್ದಿಕೊಂಡು ಬನ್ನಿರೆಂದು ಯಾರೂ ಅವರಿಗೆ ಹೇಳದಿರಲಿ.