ವಿಜಯನಗರದ ಅರಸುಮನೆತನಗಳ ಒಪ್ಪವುಳ್ಳ ಭೂದಾನಪತ್ರಗಳು: ಸಂಗ್ರಹಕ್ರಮದ ವಿಮರ್ಶೆ

ಭೂದಾನಪತ್ರಕ್ಕೆ ದಾತೃವಿನ ಸ್ವಹಸ್ತವು ಅವಶ್ಯವೆಂಬುದು ಧರ್ಮಶಾಸ್ತ್ರಸಿದ್ಧವಾದ ವಿಷಯ. ಅರಸನು ಬಟ್ಟೆಯ ಮೇಲಾಗಲಿ ತಾಮ್ರದ ಹಲಗೆಯ ಮೇಲಾಗಲಿ ದಾನವನ್ನು ಬರೆಯಿಸಿ, ಮುದ್ರೆಯನ್ನೊತ್ತಿ, ವಂಶ, ದಾನದ ಪ್ರಮಾಣ, ಎಲ್ಲೆ, ಕಾಲ ಇವುಗಳೊಡನೆ ತನ್ನ ಒಪ್ಪವನ್ನೂ ಸೇರಿಸತಕ್ಕದ್ದೆಂದು ಯಾಜ್ಞವಲ್ಕ್ಯಸ್ಮೃತಿಯ ಆಚಾರಾಧ್ಯಾಯವು ವಿಧಿಸುತ್ತದೆ. ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ ಕಲ್ಯಾಣದಲ್ಲಿದ್ದು ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಈ ವಿಧಿಗೆ ವ್ಯಾಖ್ಯಾನವನ್ನು ಬರೆದಿರುವನು. ಇವುಗಳಲ್ಲಿ ಒಪ್ಪವು ಒಂದು ಅಂಗ ಮಾತ್ರ, ಅದೇ ಅಂಗಿಯಲ್ಲ. ಈ ವಿವೇಕವು ಸಂಗ್ರಾಹಕರಲ್ಲಿ ಎಷ್ಟರಮಟ್ಟಿಗೆ ಉಳಿದಿದೆಯೆಂಬುದೇ ವಿಚಾರಣೀಯ.

ವಿಜಯನಗರದ ತಾಮ್ರಶಾಸನಗಳು ಇದಕ್ಕೆ ಉತ್ತಮ ನಿದರ್ಶನ. ಅವುಗಳ ಭಾಷೆ ಸಾಮಾನ್ಯವಾಗಿ ಸಂಸ್ಕೃತ, ಲಿಪಿ ನಂದಿನಾಗರಿ. ಮೊದಲು ದೇವತಾಸ್ತುತಿ, ಬಳಿಕ ಚಂದ್ರನಿಂದ ಆರಂಭವಾಗುವ ವಂಶಾವಳಿ, ಆಮೇಲೆ ಪ್ರತಿಗ್ರಹಿಗಳ ಗೋತ್ರ, ಸೂತ್ರ, ವೃತ್ತಿಗಳ ಗಣನೆ; ಎಲ್ಲೆಗಳ ವಿವರಣೆಯು ಅನೇಕ ಕಡೆ ದೇಶಭಾಷೆಯಲ್ಲಿ. ಕಟ್ಟಕಡೆಗೆ ದೊಡ್ಡ ಕನ್ನಡಾಕ್ಷರಗಳಲ್ಲಿ ಶ್ರೀ ವಿರೂಪಾಕ್ಷ ಎಂಬ ಒಪ್ಪ. ಇಮ್ಮಡಿ ಹರಿಹರನದೂ ಕೃಷ್ಣದೇವರಾಯನದೂ ಇದೇ ಒಪ್ಪವೇ. ಅರವೀಡು ಮನೆತನದ ವೆಂಕಟಪತಿರಾಯನ ಕಾಲಕ್ಕೆ ಅದು ಶ್ರೀ ವೆಂಕಟೇಶ ಎಂದಾಯಿತು. ಲಿಪಿಯು ಮಾತ್ರ ಕನ್ನಡವಾಗಿಯೇ ನಿಂತಿತು. ಕೆಳದಿಯ ನಾಯಕರು ಶ್ರೀ ಸದಾಶಿವ ಎಂದು ಒಪ್ಪವಿಟ್ಟುದೂ ಈ ಸಂಪ್ರದಾಯದ ಮುಂದುವರಿಕೆಯೇ.

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಒಪ್ಪದಲ್ಲಿರುವುದು ಅರಸನ ಹೆಸರಲ್ಲ, ದೇವರ ಹೆಸರು. ತಾಮ್ರದಲ್ಲಿ ಅದನ್ನು ಕೊರೆದವನು ಅರಸನಲ್ಲ, ಶಾಸನವನ್ನು ಕೆತ್ತಿದ ಆಚಾರಿ. ಆದಕಾರಣ ಒಪ್ಪವೊಂದರಿಂದಲೇ ಇಂಥ ಅರಸನ ಶಾಸನವೆಂದಾಗಲಿ, ನಿಜವಾದುದೆಂದಾಗಲಿ ನಿರ್ಣಯಿಸಲು ಬಾರದು. ಒಂದು ಶಾಸನದಿಂದ ಮತ್ತೊಂದಕ್ಕೆ ಅದನ್ನು ನಕಲುಮಾಡುವುದು ಕೂಟಶಾಸನಕಾರನಿಗೆ ಕಷ್ಟವೇನೂ ಅಲ್ಲ. ಮಹಾಭಾರತದ ಜನಮೇಜಯನು ಸರ್ಪಯಾಗಾಂತದಲ್ಲಿ ಕೊಟ್ಟನೆಂದು ಹೇಳಿಕೊಳ್ಳುವ ಗೌಜ ಅಗ್ರಹಾರದ ತಾಮ್ರಶಾಸನವನ್ನು ವಿದ್ವಾಂಸರು ತಿರಸ್ಕರಿಸಿದುದು ಅದರ ಲಿಪಿ ಮತ್ತು ಭಾಷೆಗಳನ್ನು ಪರೀಕ್ಷಿಸಿಯೇ ಹೊರತು ಅದರಲ್ಲಿರುವ ಹೆಸರನ್ನು ನಂಬಿಯಲ್ಲ.

ಮುದ್ರಿತ ಸಂಗ್ರಹಗಳ ಗುಣದೋಷಗಳನ್ನೂ ಈ ದೃಷ್ಟಿಯಿಂದಲೇ ತೂಗಬೇಕು. ಬಿ. ಎಲ್. ರೈಸ್ ಅವರು 1886ರಿಂದ 1905ರವರೆಗೆ 12 ಸಂಪುಟಗಳಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಮುಖ್ಯ ಗುಣವು ಅದರ ತಾಲ್ಲೂಕುವಾರು ವಿಂಗಡಣೆ. ಶಾಸನವು ಎಲ್ಲಿ ದೊರೆಯಿತೋ ಆ ಊರಿನ ಹೆಸರಿನಡಿಯಲ್ಲಿಯೇ ನಿಲ್ಲುವುದರಿಂದ ಕೆರೆ, ಹಳ್ಳ, ಗಡಿಗಲ್ಲುಗಳ ಹೆಸರುಗಳನ್ನು ಇಂದಿಗೂ ಸ್ಥಳದೊಡನೆ ಹೋಲಿಸಿ ನೋಡಬಹುದು. ರಾಜವಂಶಾನುಕ್ರಮದ ಸಂಪುಟಗಳು ಚರಿತ್ರಕಾರನಿಗೆ ಅನುಕೂಲ. ಆದರೆ ನೆಲದೊಡನೆ ಇರುವ ನಂಟು ಅವುಗಳಲ್ಲಿ ಹಿಂದೆ ಸರಿಯುತ್ತದೆ. ರೈಸರ ಕ್ರಮದಲ್ಲಿಯೂ ನ್ಯೂನತೆಯುಂಟು. ನಂದಿನಾಗರಿಯ ಪಾಠವೆಲ್ಲ ಕನ್ನಡಾಕ್ಷರಗಳಲ್ಲಿಯೇ ಅಚ್ಚಾದಾಗ, ಕಡೆಯ ಒಪ್ಪವು ಬೇರೆ ಲಿಪಿಯಲ್ಲಿದೆಯೆಂಬುದು ಕಣ್ಣಿಗೆ ಕಾಣುವುದಿಲ್ಲ. ಪಡಿಯಚ್ಚಿಲ್ಲದಿರುವಲ್ಲಿ ಓದುಗನು ಸಂಪಾದಕನ ಮಾತನ್ನೇ ನಂಬಬೇಕಾಗುತ್ತದೆ.

ಅಚ್ಚಿನ ನ್ಯೂನತೆಯನ್ನು ತಿದ್ದಬಹುದು. ಮೂಲವು ಚೆದರಿದರೆ ಉಪಾಯವಿಲ್ಲ. ಮನೆತನಗಳು ಈ ಹಲಗೆಗಳನ್ನು ತಲೆತಲಾಂತರವಾಗಿ ಕಾಪಾಡಿದುದು ಚರಿತ್ರಪ್ರೇಮದಿಂದಲ್ಲ, ಜಮೀನಿನ ಹಕ್ಕಿಗಾಗಿ. ಮೈಸೂರು ರಾಜ್ಯದಲ್ಲಿ 1954 ಮತ್ತು 1955ರ ಕಾಯಿದೆಗಳಿಂದ ಇನಾಮುಗಳು ರದ್ದಾದ ಮೇಲೆ ಆ ಪ್ರಯೋಜನವು ತೀರಿತು. ಇನ್ನು ಅವುಗಳಿಗೆ ಉಳಿದಿರುವ ಬೆಲೆಯು ವಿದ್ವಾಂಸನ ಆದರ, ಇಲ್ಲವೆ ಕೊಳ್ಳುವವನ ಹಣ. ಬಳೆಯಲ್ಲಿ ಪೋಣಿಸಿದ ಹಲಗೆಗಳಲ್ಲಿ ಒಪ್ಪವಿರುವ ಕಡೆಯದನ್ನು ಮಾತ್ರ ಬಯಸುವವನ ಕೈಗೆ ಅವು ಸಿಕ್ಕಿದರೆ, ದಾತೃವು ಒಂದು ಕಡೆ, ಪ್ರತಿಗ್ರಹಿ ಒಂದು ಕಡೆ, ನೆಲ ಮತ್ತೊಂದು ಕಡೆ ಆಗುತ್ತದೆ. 1972ರ ಪುರಾತನವಸ್ತುಗಳ ಕಾಯಿದೆಯು ಖಾಸಗಿಯವರು ಇಂಥವನ್ನು ಹೊರದೇಶಕ್ಕೆ ಸಾಗಿಸುವುದನ್ನು ನಿಷೇಧಿಸಿ, ಮಾರಾಟಕ್ಕೆ ಪರವಾನಗಿಯನ್ನು ವಿಧಿಸಿದೆ. ಆದರೆ ಸಾಗಾಟವನ್ನು ತಡೆದ ಮಾತ್ರಕ್ಕೆ ಶಾಸನದ ಪೂರ್ವೋತ್ತರವು ದಾಖಲಾಗುವುದಿಲ್ಲ.

ಆದುದರಿಂದ ಸಂಗ್ರಾಹಕರು ಬಳೆ ಮತ್ತು ಮುದ್ರೆಗಳನ್ನು ಹಲಗೆಗಳಿಂದ ಬೇರ್ಪಡಿಸಬಾರದು. ಎಲ್ಲ ಮುಖಗಳ ಪಡಿಯಚ್ಚನ್ನೂ ತೂಕವನ್ನೂ ಅಳತೆಯನ್ನೂ ಗುರುತಿಸಬೇಕು. ಶಾಸನವು ಯಾವ ಊರಿನದು, ಯಾರ ವಶದಿಂದ ಯಾರಿಗೆ ಬಂದುದು ಎಂಬುದನ್ನು ಪಾಠದೊಡನೆಯೇ ಪ್ರಕಟಿಸಬೇಕು. ಮನೆತನದವರು ಮೂಲವನ್ನು ಕೊಡಲೊಪ್ಪದಿದ್ದರೆ ಪಡಿಯಚ್ಚಿನಿಂದಲೇ ತೃಪ್ತರಾಗಬೇಕು. ಎಲ್ಲೆಯಿಲ್ಲದ ಒಪ್ಪವು ಕೇವಲ ಅಕ್ಷರ. ಎಲ್ಲೆಯೊಡನೆ ನಿಂತ ಒಪ್ಪವೇ ಪ್ರಮಾಣ.